ಶುಗರ್ ಎರವಲು ಪದ, ನೆಂಟಸ್ತಿಕೆಯ ಪದವಲ್ಲ!

ನಮಸ್ಕಾರ ಎಲ್ಲರಿಗೂ. ಹಿಂದಿನ ವಿಡಿಯೊ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಶರ್ಕರಾ, ಶುಗರ್ ಎರಡೂ ಒಂದೇ. ಇಂಗ್ಲಿಷ್ ಹುಟ್ಟಿದ್ದು ಸಂಸ್ಕೃತದಿಂದ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?" ಅದಕ್ಕೆ ಲೈಕುಗಳು ಬೇರೆ! ಓದಿ ಮೈ ಉರಿಯಿತು.

ಶುಗರ್ ಬಂದದ್ದು ಶರ್ಕರಾದಿಂದಲೇ, ನಿಜ. ಆದರೆ ಅದು ಎರವಲು. ಅಂಗಡಿಯಿಂದ ಸೀರೆ ತಂದ ಮಾತ್ರಕ್ಕೆ ನೇಯ್ದವರು ನೆಂಟರಾಗುತ್ತಾರಾ?

ಶರ್ಕರಾ ಅಂದರೆ ಮೊದಲು ಮರಳು, ಕಲ್ಲಿನ ಚೂರು. ಕಬ್ಬಿನ ಹಾಲು ಕಾಯಿಸಿ ಹರಳು ಮಾಡಿದಾಗ ಅದಕ್ಕೂ ಅದೇ ಹೆಸರು ಬಿತ್ತು. ಪರ್ಷಿಯಾದಲ್ಲಿ ಶಕರ್, ಅರಬರ ಬಾಯಲ್ಲಿ ಸುಕ್ಕರ್. ಅರಬರು ಸಿಸಿಲಿಯಲ್ಲಿ, ಸ್ಪೇನಿನಲ್ಲಿ ಕಬ್ಬು ಬೆಳೆಸಿದರು. ಇಟಲಿಯಲ್ಲಿ ತ್ಸುಕ್ಕೆರೊ, ಫ್ರಾನ್ಸಿನಲ್ಲಿ ಸುಕ್ರ್, ಜರ್ಮನಿಯಲ್ಲಿ ತ್ಸುಕರ್. ಸ್ಪ್ಯಾನಿಷಿನಲ್ಲಿ ಅಸೂಕರ್. ಆ ಮುಂದಿನ 'ಅ' ಎಲ್ಲಿಯದು? ಅರಬಿಯ 'ಅಲ್', ಅಂದರೆ ಇಂಗ್ಲಿಷಿನ 'ದ' (the) ಇದ್ದ ಹಾಗೆ, ಸುಕ್ಕರ್‌ಗೆ ಅಂಟಿಕೊಂಡೇ ಹೋಗಿದೆ! ತಂದುಕೊಟ್ಟವರ ಗುರುತು ಪದದ ಮೇಲೇ ಇದೆ. ಎರವಲು ಸ್ವಾಮಿ, ಎರವಲು!

ನೆಂಟಸ್ತಿಕೆ ನೋಡಬೇಕಾ? ಜೇನಿನ ಪದಗಳನ್ನು ನೋಡಿ. ಸಂಸ್ಕೃತದ ಮಧು, ಲಿಥುವೇನಿಯದ ಮೆದುಸ್, ರಷ್ಯನ್ನರ ಮ್ಯೋದ್, ಇಂಗ್ಲಿಷಿನಲ್ಲಿ ಜೇನಿನಿಂದ ಮಾಡಿದ ಮದ್ಯ ಮೀಡ್. ಇವೆಲ್ಲ ಒಂದೇ ಬೇರಿನವು. ಅಲ್ಲೂ ಸಂಸ್ಕೃತ ತಾಯಿಯಲ್ಲ, ಒಡಹುಟ್ಟು. ಜೇನು ಅವರ ಕಾಡಿನಲ್ಲೇ ಇತ್ತು. ಸಕ್ಕರೆ ಹೊರಗಿನಿಂದ ಬಂತು, ಹೆಸರನ್ನೂ ಜೊತೆಗೆ ತಂದಿತು.

"ಅರಬರಿಗಿಂತ ಮೊದಲೇ ಗ್ರೀಕರಲ್ಲಿ ಸಾಖರೊನ್ ಇತ್ತಲ್ವಾ?" ಇತ್ತು. ಅದೂ ಭಾರತದ ಕಡೆಯಿಂದ ಹೋದದ್ದೇ. 1ನೇ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಇದನ್ನು ಔಷಧಿಗೆ ಮಾತ್ರ ಬಳಸುತ್ತಾರೆ ಎಂದು ಬರೆದಿದ್ದಾನೆ. 1879ರಲ್ಲಿ ಕಂಡುಹಿಡಿದ ಕೃತಕ ಸಿಹಿ ಸ್ಯಾಕರಿನ್‌ನ ಹೆಸರಿನಲ್ಲಿರುವುದೂ ಆ ಪದವೇ. ಹಾಗಾದರೆ ಏನಾಯಿತು? ಎರಡು ದಾರಿ, ಎರಡು ಸಲ ಎರವಲು!

ಇಲ್ಲಿವರೆಗೆ ಕೇಳಿದವರು ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ. ಕನ್ನಡದಲ್ಲಿ ಇಂಥ ಮಾತು ಜಾಸ್ತಿ ಜನಕ್ಕೆ ತಲುಪಲೇಬೇಕು.

ಫಿನ್ನಿಷ್‌ನಲ್ಲಿ ಸೊಕೆರಿ, ಹಂಗೇರಿಯನ್‌ನಲ್ಲಿ ತ್ಸುಕೊರ್. ಈ ಎರಡೂ ಇಂಗ್ಲಿಷಿನ, ಸಂಸ್ಕೃತದ ಕುಟುಂಬದವೇ ಅಲ್ಲ! ಆದರೂ ಪದ ಅದೇ. ನಮ್ಮ ಸಕ್ಕರೆಯೂ ಹಾಗೇ ಬಂದದ್ದು. ಹಾಗಂತ ಕನ್ನಡವೂ ಸಂಸ್ಕೃತದ ಮಗಳು ಅನ್ನುತ್ತೀರಾ? ಅದನ್ನೂ ಒಬ್ಬರು ಬರೆದಿದ್ದಾರೆ! ಸುಮ್ನೆ ಬರೆಯಬೇಡಿ. ಓದಿ. ಕೇಳಿ. ಎರಡು ಪದ ಒಂದೇ ಥರ ಕೇಳಿಸಿದರೆ ಸಾಕಾ? ಸಾಕಾಗಲ್ಲ! ಎರವಲು ಅಂದರೆ ಎರವಲು!

ಮುಂದಿನ ವಿಡಿಯೊದಲ್ಲಿ ಜಿಂಜರ್. ತಮಿಳು, ಮಲಯಾಳದ 'ಇಂಜಿ' ಅದರೊಳಗೆ ಕೂತಿದೆ. ಬೆಲ್ ಒತ್ತಿಟ್ಟುಕೊಳ್ಳಿ.