ಬಿಟ್ಟಿ ಆಪ್‌ನಲ್ಲಿ ಮನೆ ಲೆಕ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಲೈಬ್ರರಿಗೆ ಬಂದಿದ್ದೀರಿ, ಅದೂ ಲೆಕ್ಕದ ಮಾತು ಕೇಳೋಕೆ. ದೊಡ್ಡ ಮನಸ್ಸು ನಿಮ್ಮದು.

ನಮ್ಮಮ್ಮನ ಲೆಕ್ಕವೆಲ್ಲ ಗೋಡೆ ಕ್ಯಾಲೆಂಡರಿನಲ್ಲಿತ್ತು. ಹಾಲು ಬಾರದ ದಿನಕ್ಕೆ ಒಂದು ಇಂಟು, ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸುತ್ತು. ಚೀಟಿ ಕಟ್ಟುವ ದುಡ್ಡು ಸಾಸಿವೆ ಡಬ್ಬಿಯಲ್ಲಿ, ಹಬ್ಬದ್ದು ಮೆಂತ್ಯದ ಡಬ್ಬಿಯಲ್ಲಿ. ಒಂದರ ದುಡ್ಡನ್ನು ಇನ್ನೊಂದಕ್ಕೆ ಮುಟ್ಟುವಂತಿರಲಿಲ್ಲ. ಗುಡ್‌ಬಜೆಟ್ ಅನ್ನೋ ಆಪ್ ಇವತ್ತು ಮಾಡುವುದೂ ಇದೇ. ಡಬ್ಬಿಗೆ ಲಕೋಟೆ ಅನ್ನುತ್ತದೆ, ಅಷ್ಟೇ. ದಿನಸಿಗೆ 6,000 ಎಂದು ಒಂದು ಲಕೋಟೆ ಮಾಡಿಟ್ಟರೆ, ಖರ್ಚು ಬರೆದ ಹಾಗೆಲ್ಲ ಅದು ಕರಗುತ್ತಾ ಹೋಗುತ್ತದೆ.

ನಾನು ಮೊದಲು ಆರಿಸಿದ್ದು ಅದನ್ನಲ್ಲ. ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಓದಿ ತಾನೇ ಲೆಕ್ಕ ಬರೆಯುವ ಆಪ್ ಹಾಕಿಕೊಂಡೆ. ಸೋಮಾರಿಗೆ ಇನ್ನೇನು ಬೇಕು? ತಿಂಗಳ ಕೊನೆಗೆ ನೋಡಿದರೆ, ನನ್ನದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿಕೊಂಡ 10,000 ಖರ್ಚಿನ ಪಟ್ಟಿಯಲ್ಲಿತ್ತು. ಕ್ರೆಡಿಟ್ ಕಾರ್ಡಿನ ಖರ್ಚು ಎರಡು ಸಲ ಬಿದ್ದಿತ್ತು. ಕಾರ್ಡ್ ಉಜ್ಜಿದಾಗ ಒಮ್ಮೆ, ಬಿಲ್ ಕಟ್ಟಿದಾಗ ಇನ್ನೊಮ್ಮೆ. ಎಟಿಎಂನಿಂದ ತೆಗೆದ 5,000 ಎಲ್ಲಿ? 'ಇತರೆ'. ತರಕಾರಿ, ಹೂವು, ಆಟೋ ಎಲ್ಲವೂ ಆ 'ಇತರೆ'ಯ ಹೊಟ್ಟೆಯೊಳಗೆ.

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಯುಪಿಐ ಲೈಟ್‌ನಲ್ಲಿ ಮೊದಲೇ ದುಡ್ಡು ತುಂಬಿಟ್ಟು, ಪಿನ್ ಹಾಕದೆ ಸಣ್ಣ ಮೊತ್ತ ಕೊಡುತ್ತೀರಲ್ಲ, ಅದರಲ್ಲಿ ಒಂದೊಂದಕ್ಕೂ ಬ್ಯಾಂಕಿನಿಂದ ಮೆಸೇಜ್ ಬರುವುದಿಲ್ಲ. ಪಾಸ್‌ಬುಕ್ಕಿನಲ್ಲೂ ಲೈಟಿಗೆ ತುಂಬಿದ ಮೊತ್ತ ಮಾತ್ರ ಕಾಣುತ್ತದೆ. ಕೆಲವು ಬ್ಯಾಂಕುಗಳು ಮಾಮೂಲಿ ಯುಪಿಐನ ಸಣ್ಣ ಪಾವತಿಗಳಿಗೂ ಮೆಸೇಜ್ ಕಳಿಸುವುದನ್ನು ಬಿಟ್ಟಿವೆ. ನಮ್ಮ ದುಡ್ಡು ಸೋರುವುದೇ ಈ 20, 40, 60ರಲ್ಲಿ ಅಲ್ವಾ? ಅದೇ ಕಾಣದ ಮೇಲೆ ಆಪ್ ಖರ್ಚು ಹಂಚಿ ತೋರಿಸುವ ಆ ಬಣ್ಣಬಣ್ಣದ ಚಕ್ರ ಸುಮ್ನೆ ನೋಡೋಕೆ ಚಂದ.

ಇನ್ನು ಮನೆ ಅಂದರೆ ಒಂದೇ ಫೋನ್ ಅಲ್ಲ. ಗೃಹಲಕ್ಷ್ಮಿಯ 2,000 ಬೀಳುವುದು ಮನೆಯೊಡತಿಯ ಖಾತೆಗೆ, ಮೆಸೇಜ್ ಅವರ ಫೋನಿಗೆ. ಯಜಮಾನರ ಸಂಬಳದ ಮೆಸೇಜ್ ಅವರ ಫೋನಿಗೆ. ಒಬ್ಬರ ಇನ್‌ಬಾಕ್ಸ್ ಓದಿದರೆ ಅರ್ಧ ಮನೆಯ ಲೆಕ್ಕ ಸಿಕ್ಕೀತು. ಅದಕ್ಕೇ ನಾನು ಕೈಯಲ್ಲಿ ಬರೆಯುವ ಆಪ್ ಕಡೆ ವಾಲಿದೆ. ಗುಡ್‌ಬಜೆಟ್‌ನ ಬಿಟ್ಟಿ ಆವೃತ್ತಿ ಎರಡು ಫೋನಿನಲ್ಲಿ ಒಟ್ಟಿಗೆ ನಡೆಯುತ್ತದೆ. ಲಕೋಟೆಗಳ ಸಂಖ್ಯೆಗೆ ಮಿತಿ ಇದೆ, ಇರಲಿ. ಅಮ್ಮನ ಹತ್ತಿರ ಎಷ್ಟು ಡಬ್ಬಿ ಇದ್ದವು?

ಬಿಟ್ಟಿ ಅಂದೆ. ಹಾಗಾದರೆ ಆಪ್ ಮಾಡಿದವರ ಹೊಟ್ಟೆಪಾಡು? ಅಮೆರಿಕದಲ್ಲಿ ಮಿಂಟ್ ಅಂತ ಇತ್ತು. 2007ರಲ್ಲಿ ಶುರುವಾಯಿತು, 2009ರಲ್ಲಿ ಇಂಟ್ಯೂಟ್ ಕಂಪನಿ ಕೊಂಡಿತು. ಬಳಸುವವರಿಗೆ ಬಿಟ್ಟಿ. ಕಂಪನಿಗೆ ಆದಾಯ ಬರುತ್ತಿದ್ದದ್ದು ಬಳಸುವವರಿಗೆ ಕ್ರೆಡಿಟ್ ಕಾರ್ಡು, ಸಾಲದ ಜಾಹೀರಾತು ತೋರಿಸಿ. 2024ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಅಲ್ಲಿದ್ದವರಿಗೆ ಕ್ರೆಡಿಟ್ ಕರ್ಮ ಅನ್ನೋ ಇನ್ನೊಂದು ಆಪ್‌ಗೆ ಹೋಗಿ ಅಂದರು. ಹೆಸರು ನೋಡಿ, ಕರ್ಮ! ನಮ್ಮಲ್ಲಿ ಎಸ್ಸೆಮ್ಮೆಸ್ ಓದಿ ಲೆಕ್ಕ ಇಡುತ್ತಿದ್ದ ವಾಲ್‌ನಟ್ ಆಪನ್ನು 2018ರಲ್ಲಿ ಕ್ಯಾಪಿಟಲ್ ಫ್ಲೋಟ್ ಕೊಂಡಿತು. ಅದು ಬೆಂಗಳೂರಿನ ಸಾಲ ಕೊಡುವ ಕಂಪನಿ. ತಪ್ಪೇನಿಲ್ಲ, ವ್ಯಾಪಾರ. ಆದರೆ ತಿಂಗಳ 25ಕ್ಕೆ ನನ್ನ ಖಾತೆ ಬರಿದಾಗುತ್ತದೆ ಅನ್ನೋದು ಸಾಲ ಕೊಡುವವರಿಗೆ ಬೆಲೆಬಾಳುವ ಸುದ್ದಿ. ಅದನ್ನು ಯಾರಿಗೆ ಹೇಳಬೇಕು ಅನ್ನೋದು ನನ್ನ ಕೈಯಲ್ಲಿರಲಿ ಅಂತ ನನ್ನಾಸೆ.

ಲೆಕ್ಕದ ಪುಸ್ತಕಕ್ಕೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ? ನೀವು ಎಲ್ಲಿದ್ದೀರಿ ಅನ್ನೋದು ಯಾಕೆ? ಕೇಳಿದರೆ ಬೇಡ ಅನ್ನಿ. ಬೇಡ ಅಂದರೆ ಕೆಲಸ ಮಾಡಲ್ಲ ಅಂದರೆ ಆಪನ್ನೇ ಬೇಡ ಅನ್ನಿ.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ವಿಷಯಕ್ಕೆ. ಆಮೇಲೆ ಹಾಕಿಕೊಂಡ ಒಂದು ಆಪ್‌ನಲ್ಲಿ 14 ತಿಂಗಳು ಶ್ರದ್ಧೆಯಿಂದ ಬರೆದೆ. ಒಂದು ದಿನ ಫೋನ್ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ಲೆಕ್ಕ ಇದ್ದದ್ದು ಆ ಫೋನಿನಲ್ಲಿ ಮಾತ್ರ. ಹೊರಗೆ ತೆಗೆದಿಡುವ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ ಅಂತ ಆಗಲೇ ಗೊತ್ತಾಗಿದ್ದು. ಆದ್ದರಿಂದ ಹೊಸ ಆಪ್ ಹಾಕಿದ ದಿನ ಮೂರೇ ಮೂರು ಖರ್ಚು ಬರೆಯಿರಿ. ಸಿಎಸ್‌ವಿ, ಅಂದರೆ ಎಕ್ಸೆಲ್‌ನಂಥದ್ದರಲ್ಲಿ ತೆರೆಯುವ ಪಟ್ಟಿಯ ಕಡತವಾಗಿ ಹೊರತೆಗೆದು ಕಂಪ್ಯೂಟರಿನಲ್ಲಿ ತೆರೆಯಿರಿ. ತೆರೆದರೆ ಮುಂದುವರಿಸಿ. ಕಂಪ್ಯೂಟರ್ ಇದ್ದವರಿಗೆ, ಜಮಾ-ಖರ್ಚು ಗೊತ್ತಿದ್ದವರಿಗೆ ಗ್ನೂಕ್ಯಾಶ್ ಇದೆ. 1998ರಿಂದ ಇರುವ ಮುಕ್ತ ತಂತ್ರಾಂಶ, ಕಡತ ನಿಮ್ಮ ಹತ್ತಿರವೇ ಇರುತ್ತದೆ. ಆದರೆ ಕಲಿಯೋಕೆ ಒಂದೆರಡು ವಾರ ತಲೆ ಕೆಡಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ.

ನಮ್ಮಲ್ಲಿ ಈಗ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ ಇಬ್ಬರೂ ಫೋನ್ ತೆಗೆಯುತ್ತೇವೆ. ಐದು ನಿಮಿಷ. ಕಳೆದ ತಿಂಗಳು ಹೂವಿನ ಲಕೋಟೆ 18ನೇ ತಾರೀಕಿಗೇ ಖಾಲಿಯಾಗಿ, ದೇವರಿಗೆ ತುಳಸಿ ಮಾತ್ರ ಸಿಕ್ಕಿತು.

ಸರಿ, ಈಗ ಎಲ್ಲರೂ ಫೋನ್ ತೆಗೀರಿ. ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ಆಪ್‌ಗೆ ಎಸ್ಸೆಮ್ಮೆಸ್ ಓದಲು ಬಿಟ್ಟಿದ್ದೀರಿ ಅಂತ ಒಟ್ಟಿಗೆ ನೋಡೋಣ. ಚಾರ್ಜ್ ಇಲ್ಲದವರಿಗೆ ಕಿಟಕಿ ಪಕ್ಕ ಪ್ಲಗ್ ಇದೆ.