ಎರಡೇ ಪ್ಲೇಟ್ ಹೇಳಿ

ಕೇಳುಗರಿಗೆ ನಮಸ್ಕಾರ. ಭಾನುವಾರ ಸಂಜೆ ಒಲೆಗೆ ರಜೆ ಕೊಟ್ಟು, ಮಕ್ಕಳ ಹಟಕ್ಕೆ ಮಣಿದು, ಮುಂಬಯಿ ಕಡೆಯ ಮಾಟುಂಗಾದಲ್ಲೋ ಮುಲುಂಡಿನಲ್ಲೋ ಡೊಂಬಿವಲಿಯಲ್ಲೋ ಗಲ್ಲಿಯ ಚೈನೀಸ್ ಹೋಟೆಲಿಗೆ ಹೊರಟವರಿಗಾಗಿ ಈ ಮಾತು. ನಮ್ಮ ಉಡುಪಿ ಹೋಟೆಲುಗಳ ಮೆನುವಿನಲ್ಲೂ ಈಗ ಚೈನೀಸಿಗೆ ಒಂದು ಪುಟ ಇದ್ದೇ ಇರುತ್ತದಲ್ಲ, ಅಲ್ಲಿಗೂ ಇದು ಸಲ್ಲುತ್ತದೆ. ಹೇಳುವುದು ಒಂದೇ: ನೂಡಲ್ಸನ್ನು ಒಂದು ಸಲಕ್ಕೆ ಎರಡು ಪ್ಲೇಟಿಗಿಂತ ಹೆಚ್ಚು ಹೇಳಬೇಡಿ.

ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನೂಡಲ್ಸನ್ನು ಮಧ್ಯಾಹ್ನವೇ ಮುಕ್ಕಾಲು ಪಾಲು ಬೇಯಿಸಿ, ತಣ್ಣೀರು ಹಾಯಿಸಿ, ಚೂರು ಎಣ್ಣೆ ಸವರಿ ತಟ್ಟೆಯಲ್ಲಿ ಹರಡಿಟ್ಟಿರುತ್ತಾರೆ. ಹಳಸಲು ಅಂದುಕೊಳ್ಳಬೇಡಿ, ಅದೇ ಸರಿಯಾದ ಕ್ರಮ. ಆಗಷ್ಟೇ ಬೆಂದದ್ದನ್ನು ಬಾಣಲೆಗೆ ಹಾಕಿದರೆ ಮುದ್ದೆಯಾಗುತ್ತದೆ. ನೀವು ಆರ್ಡರ್ ಕೊಟ್ಟ ಮೇಲೆ ಭಟ್ಟಿಯ ಉರಿ ಏರುತ್ತದೆ. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಎರಡು ಚಮಚ ಎಣ್ಣೆ, ಬೆಳ್ಳುಳ್ಳಿ, ಶುಂಠಿ. ಹತ್ತು ಸೆಕೆಂಡು, ಅಷ್ಟೇ. ಎಲೆಕೋಸು, ಕ್ಯಾರೆಟ್, ದೊಣ್ಣೆಮೆಣಸು ಬಿದ್ದು ಒಂದು ನಿಮಿಷ. ಆಮೇಲೆ ನೂಡಲ್ಸ್, ಉಪ್ಪು, ಬಿಳಿ ಮೆಣಸಿನ ಪುಡಿ. ಸೋಯಾ ಸಾಸ್ ಒಂದು ಸಣ್ಣ ಚಮಚ, ಅದೂ ನೂಡಲ್ಸಿನ ಮೇಲಲ್ಲ, ಬಾಣಲೆಯ ಅಂಚಿಗೆ. ಕಾದ ಕಬ್ಬಿಣ ತಾಕಿದಾಗಲೇ ಅದರ ಪರಿಮಳ ಏಳುವುದು. ಕೊನೆಗೆ ಅರ್ಧ ಚಮಚ ವಿನೆಗರ್, ಹಸಿರು ಈರುಳ್ಳಿ. ಒಟ್ಟು ಮೂರು ನಿಮಿಷ.

ಈಗ ಅದೇ ಬಾಣಲೆಗೆ ಏಳು ಪ್ಲೇಟಿನದು ಒಟ್ಟಿಗೆ ಬಿತ್ತು ಅನ್ನಿ. ಬಾಣಲೆ ತಣಿಯುತ್ತದೆ. ಎಲೆಕೋಸು ನೀರು ಬಿಡುತ್ತದೆ. ನೀರು ಇರುವ ತನಕ ಬಾಣಲೆಯೊಳಗಿನ ಬಿಸಿ 100 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ, ಮೇಲೆ ಏರುವುದಿಲ್ಲ. ಹುರಿಯಬೇಕಾದ್ದು ಬೇಯುತ್ತದೆ. ನೂಡಲ್ಸ್ ಆ ನೀರನ್ನೇ ಕುಡಿದು ಊದಿಕೊಳ್ಳುತ್ತದೆ, ಸೌಟು ಆಡಿಸಿದಷ್ಟೂ ತುಂಡಾಗುತ್ತದೆ. ಸಪ್ಪೆಯಾಯಿತೆಂದು ಅಡುಗೆಯವನು ಇನ್ನಷ್ಟು ಸೋಯಾ ಸುರಿಯುತ್ತಾನೆ, ಕಪ್ಪಗಾಗುತ್ತದೆ, ಉಪ್ಪಾಗುತ್ತದೆ. ಏಳು ಜನ ಕೂತು ಏಳೂ ಹಕ್ಕಾ ನೂಡಲ್ಸ್ ಒಂದೇ ಉಸಿರಿಗೆ ಹೇಳಿ, ಆಮೇಲೆ ಅವನನ್ನು ಬೈಯುವುದು ನ್ಯಾಯವೇ?

ನೀವು ಬಾನುಲಿ ಕೇಳುವವರು, ಕಿವಿ ಇದೆ. ಕೂತಲ್ಲಿಂದಲೇ ಕೇಳಿ. ಒಳಗಿನಿಂದ ಚೊಂಯ್ ಚೊಂಯ್ ಅಂತ ಬರುತ್ತಿದ್ದರೆ ಹುರಿಯುತ್ತಿದ್ದಾರೆ. ಗುಳುಗುಳು ಅಂದರೆ ಬೇಯುತ್ತಿದೆ. ವೇಟರಿಗೆ ಮುಂಬಯಿ ಹಿಂದಿಯಲ್ಲಿ ಹೇಳಿಬಿಡಿ: ‘ದೋ-ದೋ ಪ್ಲೇಟ್ ಕರ್‌ಕೆ ಲಾನಾ’. ಮೊದಲ ಎರಡನ್ನು ಎಲ್ಲರೂ ಹಂಚಿಕೊಂಡು ತಿನ್ನುವಷ್ಟರಲ್ಲಿ ಮುಂದಿನೆರಡು ಬಿಸಿಬಿಸಿಯಾಗಿ ಬರುತ್ತವೆ.

ಈ ಅಡುಗೆಯ ಹುಟ್ಟೇ ಹಾಗಿದೆ. ಮಂಚೂರಿಯನ್ ಕಥೆ ಗೊತ್ತಲ್ಲ? ಚೀನದ ಮಂಚೂರಿಯಾಕ್ಕೂ ಅದಕ್ಕೂ ಹೆಸರಿನ ನಂಟು ಬಿಟ್ಟರೆ ಏನೂ ಇಲ್ಲ, ಅದು ನಮ್ಮ ಮುಂಬಯಿಯದೇ ಕೂಸು. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಚರ್ಚ್‌ಗೇಟಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದರು. ಬ್ರೆಬೋರ್ನ್ ಕ್ರೀಡಾಂಗಣ ಇದೆಯಲ್ಲ, ಅದೇ ಕ್ಲಬ್ಬು. ಮೆನುವಿನಲ್ಲಿ ಇಲ್ಲದ್ದೇನಾದರೂ ಮಾಡಿಕೊಡು ಅಂತ ಗಿರಾಕಿಯೊಬ್ಬರು ಕೇಳಿದರಂತೆ. ವಾಂಗ್ ಶುರುಮಾಡಿದ್ದು ನಮ್ಮ ಮನೆಯ ಒಗ್ಗರಣೆಯ ಹಾಗೇ: ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು. ಮುಂದೆ ಗರಂ ಮಸಾಲೆ ಬೀಳಬೇಕಾದ ಜಾಗದಲ್ಲಿ ಸೋಯಾ ಸಾಸ್ ಬಿತ್ತು. ಆಮೇಲೆ ಕಾರ್ನ್‌ಫ್ಲೋರ್, ಕೋಳಿ. ಮುಗಿಯಿತು! ನಾಲ್ಕು ಸಾಮಾನು ಅದಲುಬದಲಾಗಿ ಇಡೀ ದೇಶಕ್ಕೆ ಒಂದು ತಿಂಡಿ ಸಿಕ್ಕಿತು. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು, ಊರಿನ ಜಾತ್ರೆಗಳಿಗೂ ಹೋಯಿತು. ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದ ಕಥೆ ಇದು. ಗಮನಿಸಿ, ಒಬ್ಬ ಗಿರಾಕಿ ಕೇಳಿದ್ದಕ್ಕೆ ಆಗಿಂದಾಗ ಮಾಡಿದ್ದು ಅದು. ಹಂಡೆಗಟ್ಟಲೆ ಮಾಡಿಟ್ಟದ್ದಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಗ್ರೇವಿ ದಪ್ಪವಾಗುವುದು ನೀರಿನಲ್ಲಿ ಕದಡಿದ ಕಾರ್ನ್‌ಫ್ಲೋರಿನಿಂದ. ಚೆನ್ನಾಗಿ ಕುದಿಯದಿದ್ದರೆ ಹಸಿ ಹಿಟ್ಟಿನ ರುಚಿ ನಾಲಿಗೆಗೆ ಅಂಟುತ್ತದೆ. ವಾಪಸ್ ಕೊಟ್ಟು ಇನ್ನೊಂದು ಕುದಿ ಬರಿಸಲು ಹೇಳಿ, ಸಂಕೋಚ ಬೇಡ. ಎಂಜಲು ಚಮಚವನ್ನು ಗ್ರೇವಿಯ ಬಟ್ಟಲಿಗೆ ಅದ್ದಬೇಡಿ. ಮಡಿ-ಮೈಲಿಗೆಯ ಮಾತಲ್ಲ ಇದು, ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಗ್ರೇವಿಯನ್ನು ನೀರು ಮಾಡುತ್ತದೆ.

ಕರಿದ ನೂಡಲ್ಸಿನ ಮೇಲೆ ಗ್ರೇವಿ ಸುರಿಯುವ ಅಮೆರಿಕನ್ ಚಾಪ್ಸಿ ಹೇಳಿದರೆ ಗ್ರೇವಿ ಬೇರೆ ಬಟ್ಟಲಲ್ಲಿ ತರಿಸಿ. ಅನ್ನ, ನೂಡಲ್ಸ್, ಗ್ರೇವಿ ಮೂರೂ ಇರುವ ಟ್ರಿಪಲ್ ಶೆಜ್ವಾನಿಗೂ ಹಾಗೆಯೇ, ಇಲ್ಲದಿದ್ದರೆ ಮೇಲಿನ ಗರಿಗರಿ ನೂಡಲ್ಸ್ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಕರಿದ ನೂಡಲ್ಸಿಗೆ ಸಾಸ್ ಕಲಸುವ ಚೈನೀಸ್ ಭೇಲನ್ನು ಕಲಸಿದ ಕೂಡಲೇ ನಿಂತಲ್ಲೇ ತಿನ್ನಿ. ಸಸ್ಯಾಹಾರಿಗಳು ಬಾಣಲೆ, ಸೌಟು ಬೇರೆಯೇ ಅಂತ ಕೂರುವ ಮೊದಲೇ ಕೇಳಿ, ಬಿಲ್ಲು ಬಂದ ಮೇಲಲ್ಲ. ಮಂಚೂರಿ ಕಂದುಗೆಂಪಾಗಿದ್ದರೆ ಸಾಕು, ಕುಂಕುಮದ ಹಾಗಿದ್ದರೆ ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಪಾರ್ಸೆಲ್ ಒಯ್ಯುವವರು ಡಬ್ಬಿಯ ಮುಚ್ಚಳವನ್ನು ಒಂದು ಮೂಲೆಯಲ್ಲಿ ತೆರೆದಿಡಿ, ಹಬೆ ಹೋಗಲಿ. ಮನೆಯಲ್ಲಿ ಮತ್ತೆ ಬಿಸಿ ಮಾಡುವುದಾದರೆ ಕಾದ ಕಬ್ಬಿಣದ ಕಾವಲಿಯಲ್ಲಿ ತೆಳ್ಳಗೆ ಹರಡಿ. ಅಲ್ಲಿಯೂ ಅಷ್ಟೇ, ಒಂದು ಸಲಕ್ಕೆ ಎರಡೇ ಪ್ಲೇಟಿನಷ್ಟು. ನಮಸ್ಕಾರ.