ಉತ್ತರ ತಡವಾಗಲಿ

ಶಿಕ್ಷಕ ಬಂಧುಗಳೇ,

ನಾಲ್ಕನೇ ತರಗತಿಯ ಮಕ್ಕಳ ಮುಂದೆ ಒಂದೇ ಅಳತೆಯ ಎರಡು ಮಂಜುಗಡ್ಡೆ ಇಡಿ. ಒಂದು ತಟ್ಟೆಯಲ್ಲಿ ಹಾಗೇ ಇರಲಿ, ಇನ್ನೊಂದನ್ನು ಉಣ್ಣೆಬಟ್ಟೆಯ ನಾಲ್ಕಾರು ಮಡಿಕೆಯಲ್ಲಿ ಸುತ್ತಿ. ಯಾವುದು ಮೊದಲು ಕರಗುತ್ತದೆ ಎಂದು ಕೇಳಿ. ಬಹಳ ಮಕ್ಕಳು ಬಟ್ಟೆಯೊಳಗಿನದು ಎನ್ನುತ್ತಾರೆ. ಉಣ್ಣೆ ಬೆಚ್ಚಗಿರುತ್ತದಲ್ಲ! ಆ ಮಾತನ್ನು ಅಲ್ಲೇ ತಿದ್ದಬೇಡಿ. ಮಗು ಬಾಯಿಗೆ ಬಂದದ್ದನ್ನು ಹೇಳಿಲ್ಲ. ಉಣ್ಣೆ ಹೊದ್ದಾಗಲೆಲ್ಲ ಅದಕ್ಕೆ ಬೆಚ್ಚಗಾಗಿದೆ. ಊಹೆಯನ್ನು ಕಾರಣದ ಸಮೇತ ನೋಟ್‌ಬುಕ್ಕಿನಲ್ಲಿ ಬರೆಸಿ. ಬರೆದ ಮೇಲೆ, ನಿಜವೋ ಸುಳ್ಳೋ ನೋಡುವ ಆತುರ ತಾನಾಗಿ ಬರುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ತಟ್ಟೆಯದು ಕರಗುತ್ತ ಬಂದಿದೆ, ಬಟ್ಟೆಯೊಳಗಿನದು ಇನ್ನೂ ದಪ್ಪಗಿದೆ. ನಾವು ಎಡವುವುದು ಇಲ್ಲೇ. “ಉಣ್ಣೆ ಉಷ್ಣದ ಅವಾಹಕ, ಅಂದರೆ ಬಿಸಿಯನ್ನು ಸುಲಭವಾಗಿ ದಾಟಗೊಡದು, ಬರೆದುಕೊಳ್ಳಿ” ಎಂದುಬಿಡುತ್ತೇವೆ. ಚಟುವಟಿಕೆ ಮುಗಿಯಿತು, ಅನ್ವೇಷಣೆ ಶುರುವೇ ಆಗಲಿಲ್ಲ.

ಸುಮ್ಮನಿದ್ದು ನೋಡಿ. “ಅದು ಮೊದಲೇ ದೊಡ್ಡದಿತ್ತು” ಎನ್ನುತ್ತಾಳೆ ಒಬ್ಬಳು. “ಬಟ್ಟೆ ತಣ್ಣಗಿತ್ತೇನೋ” ಎನ್ನುತ್ತಾನೆ ಇನ್ನೊಬ್ಬ. ಎರಡನ್ನೂ ಪರೀಕ್ಷಿಸಬಹುದು. ಮೊದಲನೆಯದಕ್ಕೆ ತಕ್ಕಡಿ ಸಾಕು: ತೂಗಿ, ಬಟ್ಟೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸಮ ಮಾಡಿ, ಮತ್ತೆ ನೋಡುವುದು. ಎರಡನೆಯದಕ್ಕೆ ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಶುರುವಾಗುವುದೇ 35 ಡಿಗ್ರಿಯಿಂದ. ಪ್ರಯೋಗಾಲಯದ್ದನ್ನು ಒಣ ಬಟ್ಟೆಯಲ್ಲಿ ಸುತ್ತಿಟ್ಟರೂ ಅದು ಕೋಣೆಯ ತಾಪವನ್ನೇ ತೋರಿಸುತ್ತದೆ. ಬಟ್ಟೆಗೆ ತನ್ನದೆಂಬ ಬಿಸಿ ಇಲ್ಲ, ತಂಪೂ ಇಲ್ಲ. ಹಾಗಾದರೆ ಹೊದ್ದಾಗ ನಮ್ಮನ್ನು ಬೆಚ್ಚಗಿಡುವುದು ಯಾರ ಬಿಸಿ? ಈ ಪ್ರಶ್ನೆ ಮಗುವಿನ ಬಾಯಿಂದಲೇ ಬಂದರೆ, ಆ ದಿನದ ಪಾಠ ಅಲ್ಲಿಗೇ ನಿಂತರೂ ನನಗೆ ಸಂತೋಷವೇ.

ಕಾಯುವುದು ಸುಲಭವಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಕಂಡುಕೊಂಡದ್ದು ಇದು: ಪ್ರಶ್ನೆ ಹಾಕಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡಿನಷ್ಟು. ಅದು 3 ಸೆಕೆಂಡಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಮಗು ಉತ್ತರಿಸಿದ ಮೇಲೂ ಕಾಯಬೇಕು. ನಾವು ತಟ್ಟನೆ “ಗುಡ್” ಎಂದರೆ ಉಳಿದವರು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಹಾಗೆಂದು ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪರಮಾಣುವನ್ನು ಯಾವ ಮಗುವೂ ಮೇಜಿನ ಮೇಲೆ ಕಂಡುಕೊಳ್ಳಲಾರದು. ಥರ್ಮಾಮೀಟರ್ ಓದುವ ಕ್ರಮ, ಅಳತೆಯ ಮಾನಗಳು, ಬೆಂಕಿಯ ಹತ್ತಿರ ಇರಬೇಕಾದ ಎಚ್ಚರ, ಇವನ್ನೆಲ್ಲ ನೇರವಾಗಿ ಹೇಳಿಕೊಡಬೇಕು. ಯಾವುದನ್ನು ಹೇಳಬೇಕು, ಯಾವುದನ್ನು ತಡೆದಿಟ್ಟುಕೊಳ್ಳಬೇಕು ಎಂಬ ಆಯ್ಕೆಗೇ ಪಾಠದ ಸಿದ್ಧತೆಯ ಹೆಚ್ಚಿನ ಹೊತ್ತು ಹೋಗಬೇಕು.

ಪೋರ್ಷನ್ ಮುಗಿಸುವುದು ಹೇಗೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಎಲ್ಲ ಪಾಠಕ್ಕೂ ಇಷ್ಟು ಸಮಯ ಬೇಡ. ಮಗುವಿನ ಅನುಭವ ಒಂದು ಹೇಳಿ ವಿಜ್ಞಾನ ಇನ್ನೊಂದು ಹೇಳುವ ಕಡೆ ಕೊಡಿ: ತೇಲು-ಮುಳುಗು, ನೆರಳು, ಗಿಡದ ಆಹಾರ.

ಪರೀಕ್ಷೆಯ ಪ್ರಶ್ನೆಯೂ ಬದಲಾಗಬೇಕು. ಹೀಗೊಂದು ಕೇಳಿ: ಒಬ್ಬ ಹುಡುಗ ಕಿಟಕಿಯ ಬಳಿಯ ಗಿಡಕ್ಕೆ ದಿನಾ ನೀರು ಹಾಕಿದ, ಕತ್ತಲಲ್ಲಿಟ್ಟ ಗಿಡಕ್ಕೆ ಹಾಕಲಿಲ್ಲ. ಎರಡನೆಯದು ಒಣಗಿತು. ಬೆಳಕಿಲ್ಲದ್ದಕ್ಕೇ ಒಣಗಿತು ಎಂದು ಅವನು ಬರೆದ. ಅವನ ಪ್ರಯೋಗದಲ್ಲಿ ನೀನು ಏನನ್ನು ಬದಲಿಸುತ್ತೀಯ, ಏಕೆ? ಮಗು ಕೊಟ್ಟ ಕಾರಣ ಸರಿಯಾಗಿದ್ದರೆ, ವಾಕ್ಯ ಪುಸ್ತಕದಂತೆ ಇಲ್ಲದಿದ್ದರೂ ಪೂರ್ತಿ ಅಂಕ ಕೊಡಿ.